ನಿನ್ನೆ ರಾತ್ರಿ ಏನು ಸಾರು?

ತಲೆಯ ಮೇಲಿರುವ ಹೊರೆ ಯಾರಿಗಾದರೂ ಕಾಣುತ್ತದೆ. ಹುಲ್ಲಿನ ಕಂತೆ, ನೀರಿನ ಕೊಡ, ಸಂತೆಯಿಂದ ತಂದ ಮೂಟೆ, ಎಲ್ಲವೂ ದೂರದಿಂದಲೇ ಗೊತ್ತಾಗುತ್ತವೆ. ತಲೆಯ ಒಳಗಿರುವ ಹೊರೆಯನ್ನು ನೋಡಿ ಹೇಳಬಲ್ಲವರು ಮಾತ್ರ ಕಡಿಮೆ. ನಾನು ಆ ಕಡಿಮೆ ಜನರಲ್ಲಿ ಒಬ್ಬ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಪಿರಿಯಾಪಟ್ಟಣದ ಪಕ್ಕದ ಒಂದು ಹಳ್ಳಿಯ ಶಾಲೆಯಲ್ಲಿ. ಆದರೂ ಭಾರತದ ನೌಕಾಪಡೆ ನನಗೆ ಸಂಬಳ ಕೊಟ್ಟು, ಸಮವಸ್ತ್ರ ಕೊಟ್ಟು, ವರ್ಷಗಟ್ಟಲೆ ಈ ಕೆಲಸವನ್ನೇ ಮಾಡಿಸಿತು. ಅಷ್ಟು ಅನುಭವವಿದ್ದೂ ನಾನು ಎರಡು ಸಲ ಎಡವಿದೆ, ಎರಡು ಸಲವೂ ನನ್ನ ಕಣ್ಣೆದುರಿಗೇ ಇದ್ದವರ ವಿಷಯದಲ್ಲಿ. ಅದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನೌಕಾಪಡೆಯಲ್ಲಿದ್ದೆ ಎಂದ ಕೂಡಲೇ ಹುಣಸೂರಿನ ಜನ ನನ್ನಿಂದ ಏನೇನೋ ನಿರೀಕ್ಷಿಸುತ್ತಾರೆ. ನಿವೃತ್ತನಾಗಿ ಬಂದ ಹೊಸದರಲ್ಲಿ ಕ್ಷೌರದಂಗಡಿಯವನು ನನ್ನ ಮುಖಕ್ಕೆ ಸೋಪು ಹಚ್ಚಿ, ಬಾಯಿ ಬಿಡಲಾಗದ ಹೊತ್ತು ನೋಡಿ, "ತಿಮಿಂಗಿಲ ಕಂಡಿದ್ರಾ ಮಾದಪ್ಪಾರೇ? ಯುದ್ಧದಾಗೆ ಗುಂಡು ಗಿಂಡು ಆರ್ಸಿದ್ರಾ?" ಎಂದು ಕೇಳಿದ. ಸೋಪು ಒರೆಸಿದ ಮೇಲೆ ನಾನು ಇದ್ದದ್ದನ್ನು ಹೇಳಿದೆ. ನಾನು ತರಬೇತಿ ಕೇಂದ್ರದಲ್ಲಿ ಬೋಧಕನಾಗಿದ್ದೆ, ಹೊಸದಾಗಿ ಸೇರಿದ ಹುಡುಗರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ, ಅವರ ತಲೆ ಎಷ್ಟು ಕೆಲಸ ತಡೆದುಕೊಳ್ಳುತ್ತದೆ ಎಂದು ನೋಡಿಕೊಳ್ಳುತ್ತಿದ್ದೆ. "ಎಂಗೆ ನೋಡ್ತಿದ್ರಿ?" ಎಂದ. "ನಿನ್ನೆ ರಾತ್ರಿ ಏನು ಊಟ ಮಾಡಿದೆ ಅಂತ ಕೇಳ್ತಿದ್ದೆ" ಎಂದೆ. ಅವನು ಕತ್ತಿಯನ್ನು ಹಾಗೇ ಹಿಡಿದುಕೊಂಡು ಕನ್ನಡಿಯಲ್ಲಿ ನನ್ನನ್ನು ನೋಡಿದ. ಅಂದಿನಿಂದ ಯುದ್ಧದ ವಿಷಯ ಎತ್ತಿಲ್ಲ.

ಅವನ ಅನುಮಾನದಲ್ಲಿ ತಪ್ಪಿಲ್ಲ, ವಿವರಿಸಿ ಹೇಳದೆ ಇದು ಯಾರಿಗೂ ಅರ್ಥವಾಗುವಂಥದ್ದಲ್ಲ. ತರಬೇತಿಗೆ ಬರುವವರು ಹದಿನೆಂಟು, ಹತ್ತೊಂಬತ್ತರ ಮಕ್ಕಳು. ಬೆಳಕು ಹರಿಯುವ ಮೊದಲೇ ಕವಾಯತು, ಆಮೇಲೆ ಈಜು, ಆಮೇಲೆ ಪಾಠ, ಹಗ್ಗದ ಗಂಟು, ಬೆಂಕಿ ನಂದಿಸುವುದು, ಸಂಕೇತಗಳನ್ನು ಬಾಯಿಪಾಠ ಮಾಡುವುದು. ಇದರ ನಡುವೆ ನಾಲ್ಕು ಗಂಟೆಗಳ ಕಾವಲು ಪಾಳಿ. ಮೈ ದಣಿದರೆ ಮುಖ ಹೇಳುತ್ತದೆ. ತಲೆ ದಣಿದರೆ ಯಾರೂ ಹೇಳುವುದಿಲ್ಲ, ಆ ವಯಸ್ಸಿನಲ್ಲಂತೂ ಸತ್ತರೂ ಹೇಳುವುದಿಲ್ಲ. ಹಡಗಿನಲ್ಲಿ ತಲೆ ತುಂಬಿದವನೊಬ್ಬ ಒಂದು ಕವಾಟವನ್ನು ತಿರುಗಿಸಬೇಕಾದ ಕಡೆ ಇನ್ನೊಂದನ್ನು ತಿರುಗಿಸಿದರೆ ಮುಗಿಯಿತು. ಹಾಗಾಗಿ ಮೇಲಿನವರು ಒಂದು ನಮೂನೆ ತಯಾರಿಸಿದರು. 'ಇಂದು ನಿನ್ನ ಮಾನಸಿಕ ಹೊರೆ ಎಷ್ಟು? ಒಂದರಿಂದ ಹತ್ತರೊಳಗೆ ಬರೆ.' ಎಲ್ಲ ಹುಡುಗರೂ ನಾಲ್ಕು ಎಂದು ಬರೆದರು. ಮರುದಿನವೂ ನಾಲ್ಕು. ಮೂರು ಎಂದರೆ ಸೋಮಾರಿ ಎಂದು ಇನ್ನಷ್ಟು ಕೆಲಸ ಹಚ್ಚುತ್ತಾರೆ, ಐದು ಎಂದರೆ ಕೈಲಾಗದವನು ಎನ್ನುತ್ತಾರೆ ಎಂಬ ಲೆಕ್ಕಾಚಾರ. ಪಂಜಾಬಿನವನು, ಕೇರಳದವನು, ಒಡಿಶಾದವನು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದವರು ಕೂಡ ನಾಲ್ಕರಲ್ಲಿ ಒಂದಾಗಿದ್ದರು.

ಈ ನಾಲ್ಕನ್ನು ಒಡೆಯುವ ಉಪಾಯ ನನಗೆ ಸಿಕ್ಕಿದ್ದು ನನ್ನ ಹೆಂಡತಿ ರತ್ನಳಿಂದ. ಒಮ್ಮೆ ರಜೆಗೆ ಊರಿಗೆ ಬಂದಿದ್ದೆ. ಚಳಿಗಾಲ, ಹಸಿ ಅವರೆಕಾಯಿಯ ಕಾಲ. ಅವಳು ಸಂಜೆಯೆಲ್ಲ ಕೂತು ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದು ಹಿತುಕಿದ ಬೇಳೆ ಸಾರು ಮಾಡಿದ್ದಳು. ನನಗೆ ಅದಕ್ಕಿಂತ ಇಷ್ಟವಾದ ಸಾರು ಇನ್ನೊಂದಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ನೆನ್ನೆ ರಾತ್ರಿ ಏನ್ ಸಾರು ಉಂಡ್ರಿ, ಹೇಳಿ ನೋಡಾಣ" ಎಂದಳು. ನಾನು ಯೋಚಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ತೊಗರಿಬೇಳೆ ಸಾರಲ್ವಾ?" ಎಂದೆ. ನನ್ನನ್ನು ಬಯ್ಯಬಹುದಿತ್ತು, ಬೆರಳ ತುದಿಯೆಲ್ಲ ಸುಕ್ಕುಗಟ್ಟಿದ ಕೈ ತೋರಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. "ನೀವಿನ್ನೂ ಬಂದಿಲ್ಲ ಬುಡಿ. ಮೈ ಒಂದು ಬಸ್ಸಿಳಿದದೆ. ತಲೆ ಅಡಗಲ್ಲೇ ಅದೆ. ಏನದು, ಹೇಳಿ" ಎಂದಳು. ನನ್ನ ಗುಂಪಿನ ಹುಡುಗನೊಬ್ಬ ಈಜುಕೊಳದಲ್ಲಿ ಕಾಲು ಸೆಳೆತ ಬಂದು ಮುಳುಗುವುದರಲ್ಲಿದ್ದ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿದೆ.

ನಮ್ಮ ಸೀಮೆಯಲ್ಲಿ 'ಏನು ಸಾರು?' ಎನ್ನುವುದು ಒಂದು ಪ್ರಶ್ನೆಯೇ ಅಲ್ಲ. ಬಾವಿಕಟ್ಟೆ, ಬಸ್ಸು, ಫೋನು ಎಲ್ಲ ಕಡೆಯೂ ಜನ ಮಾತು ಶುರುಮಾಡುವುದೇ ಅದರಿಂದ. ಉತ್ತರಕ್ಕೆ ಯಾರೂ ಯೋಚಿಸಬೇಕಾಗಿಲ್ಲ. ಯೋಚಿಸಬೇಕಾಗಿ ಬಂದರೆ ತಲೆಯಲ್ಲಿ ಜಾಗವಿಲ್ಲ ಎಂದೇ ಅರ್ಥ. ರಜೆ ಮುಗಿಸಿ ಹೋದವನು ಹುಡುಗರನ್ನು ಸಾಲಾಗಿ ನಿಲ್ಲಿಸಿ ನಾಲ್ಕು, ಐದು ಕೇಳುವುದನ್ನು ಬಿಟ್ಟು ಹಿಂದಿಯಲ್ಲಿ ನಿನ್ನೆ ರಾತ್ರಿಯ ಊಟದ ವಿಷಯ ಕೇಳಿದೆ. ಪಟಪಟನೆ ಹೇಳಿದವರನ್ನು ಕೆಲಸಕ್ಕೆ ಕಳಿಸಿದೆ. ಬಾಯಿ ತೆರೆದುಕೊಂಡು ಆಕಾಶ ನೋಡಿದವರನ್ನು ಬದಿಗೆ ಕರೆದು ಮಾತಾಡಿಸಿದೆ. ಒಬ್ಬನಿಗೆ ಊರಿನಲ್ಲಿ ತಾಯಿಗೆ ಕಾಯಿಲೆ, ಒಬ್ಬನಿಗೆ ಸಂಕೇತಗಳ ಪಾಠ ತಲೆಗೆ ಹತ್ತುತ್ತಿರಲಿಲ್ಲ, ಒಬ್ಬ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವರ ಪಾಳಿ ಬದಲಿಸಿದೆ, ಹೊರೆ ಇಳಿಸಿದೆ, ಎರಡು ದಿನ ಬಿಟ್ಟು ಮತ್ತೆ ಏರಿಸಿದೆ. ನನ್ನ ಗುಂಪಿನ ಹುಡುಗರು ಚೆನ್ನಾಗಿ ಪಾಸಾದರು. ದೊಡ್ಡ ಅಧಿಕಾರಿಗಳು ಕರೆದು ಬೆನ್ನು ತಟ್ಟಿ, "ಈ ವಿಧಾನ ಎಲ್ಲಿ ಕಲಿತೆ?" ಎಂದು ಕೇಳಿದರು. "ಅನುಭವದಿಂದ, ಸರ್" ಎಂದೆ. ಆ ಅನುಭವ ಹುಣಸೂರಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದೆ ಎಂದು ಹೇಳಲಿಲ್ಲ. ಅವರು ಕೊಟ್ಟ ಪ್ರಶಂಸಾ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದವಳು ರತ್ನಳೇ. ಪತ್ರ ಇಂಗ್ಲಿಷಿನಲ್ಲಿತ್ತು. ಏನು ಬರೆದಿದ್ದಾರೆ ಎಂದು ಕೇಳಿದಳು. "ಒಳ್ಳೆ ಕೆಲಸಗಾರ ಅಂತ" ಎಂದೆ.

ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನೌಕಾಪಡೆಗೆ ಸೇರಬೇಕೆನ್ನುವ ಸುತ್ತಮುತ್ತಲಿನ ಮಕ್ಕಳಿಗೆ ಊರಾಚೆಯ ಮೈದಾನದಲ್ಲಿ ಬೆಳಿಗ್ಗೆ ಓಟ, ಕಸರತ್ತು, ಆಮೇಲೆ ನಮ್ಮ ಮನೆಯ ಜಗಲಿಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡಲು ಶುರುಮಾಡಿದೆ. ಎಂಟು ಜನ ಸೇರಿದರು. ಊರಿಂದ ಊರಿಗೆ ದಿನಾ ಓಡಾಡುವುದು ಕಷ್ಟವೆಂದು ದೂರದವರೆಲ್ಲ ಹುಣಸೂರಿನಲ್ಲೇ ನೆಂಟರ ಮನೆಗಳಲ್ಲಿ ಉಳಿದರು. ಓಟ ಮುಗಿಯುವ ಹೊತ್ತಿಗೆ ರತ್ನ ಒಂದು ಕ್ಯಾನಿನಲ್ಲಿ ರಾಗಿ ಅಂಬಲಿ ತರುತ್ತಿದ್ದಳು. ನಾನು ಸಾಲಾಗಿ ನಿಲ್ಲಿಸಿ ಸಾರಿನ ಪ್ರಶ್ನೆ ಕೇಳುವಾಗ ಅವಳು ಹಿಂದೆ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ತನ್ನ ಪ್ರಶ್ನೆ ಇಷ್ಟು ದೊಡ್ಡ ಗಂಟಲಲ್ಲಿ ಹೊರಬರುವುದನ್ನು ಅವಳು ಮೊದಲ ಸಲ ಕೇಳುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಅವಳ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಒಂದು ದಿನ ಎರಡು ಸಲ, ಮತ್ತೊಂದು ದಿನ ಉಪ್ಪೇ ಇಲ್ಲ. ತಲೆಯ ಹೊರೆ ಅಳೆಯುವುದರಲ್ಲಿ ಪ್ರಶಂಸಾ ಪತ್ರ ಪಡೆದ ನಾನು ಏನು ಮಾಡಿದೆ? "ಸಮುದ್ರದ ನೀರು ಕುಡಿದು ಬಂದವನಿಗೆ ಇದ್ಯಾವ ಲೆಕ್ಕ?" ಎಂದು ತಮಾಷೆ ಮಾಡಿ ಉಂಡೆ. ಅವಳೂ ನಕ್ಕಳು. ಹೊಟ್ಟೆಯಲ್ಲಿ ನೋವಿದೆ ಎಂದು ಅವಳಿಗೆ ಅಷ್ಟರಲ್ಲಾಗಲೇ ಎರಡು ತಿಂಗಳಿಂದ ಗೊತ್ತಿತ್ತು. ಎಂಟು ಮಕ್ಕಳ ಅಂಬಲಿ, ನನ್ನ ಊಟ, ಮನೆ, ಇದೆಲ್ಲದರ ನಡುವೆ ಅದನ್ನು ಹೇಳಲು ಅವಳಿಗೆ ಜಾಗ ಸಿಕ್ಕಿರಲಿಲ್ಲ. ನಮಗೆ ಗೊತ್ತಾಗುವಾಗ ತಡವಾಗಿತ್ತು. ದೀಪಾವಳಿ ಕಳೆದು ಒಂದು ವಾರಕ್ಕೆ ಹೋದಳು.

ಹನ್ನೊಂದು ದಿನ ಬಿಟ್ಟು ಹನ್ನೆರಡನೆಯ ದಿನ ನಾನು ಮೈದಾನಕ್ಕೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನಿರಲಿಲ್ಲ. ಮಕ್ಕಳು ಒಬ್ಬರೂ ಬಿಡದೆ ಬಂದಿದ್ದರು. ಆದರೆ ನನಗೆ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುತ್ತಿತ್ತು, ಹಾಜರಿ ಪುಸ್ತಕ ತರಲು ಮರೆಯುತ್ತಿತ್ತು. ಹಾಗಾಗಿ ನೌಕಾಪಡೆಯ ಪದ್ಧತಿಯಂತೆ ಗುಂಪಿಗೆ ಒಬ್ಬ ಮುಖ್ಯಸ್ಥರನ್ನು ನೇಮಿಸಿದೆ. ಅವಳೇ ಚೈತ್ರ. ಪಿರಿಯಾಪಟ್ಟಣದ ಕಡೆಯ ರೈತರ ಮಗಳು, ಹತ್ತೊಂಬತ್ತು ವರ್ಷ, ಹುಣಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಹುಡುಗಿಯರು ನಾಲ್ಕು ಸುತ್ತನ್ನು ಎಂಟು ನಿಮಿಷದೊಳಗೆ ಓಡಬೇಕು. ಅವಳು ಏಳೂಕಾಲಕ್ಕೇ ಮುಗಿಸಿ ಇನ್ನೊಬ್ಬರ ಚಪ್ಪಲಿ ಜೋಡಿಸಿಡುತ್ತಿದ್ದಳು. ಯಾರು ಚೆನ್ನಾಗಿ ಕೆಲಸ ಮಾಡುತ್ತಾರೋ ಅವರಿಗೇ ಕೆಲಸ ಕೊಡಲು ಮನಸ್ಸಾಗುತ್ತದೆ. ಹಾಜರಿ ಬರೆ ಎಂದೆ. ಬರೆದಳು. ಓಟದ ಸಮಯ ಬರೆ ಎಂದೆ. ಬೆಳಿಗ್ಗೆ ಐದಕ್ಕೆ ಎಲ್ಲರಿಗೂ ಫೋನು ಮಾಡಿ ಎಬ್ಬಿಸು, ಅಂಬಲಿಗೆ ವ್ಯವಸ್ಥೆ ಮಾಡು, ಗಣಿತದಲ್ಲಿ ಹಿಂದುಳಿದವರಿಗೆ ನೀನೇ ಹೇಳಿಕೊಡು, ನಾನು ಸಾರು ಕೇಳುವಾಗ ಉತ್ತರ ಬರೆದುಕೋ. ಎಲ್ಲಕ್ಕೂ "ಆಯ್ತು ಮೇಷ್ಟ್ರೇ" ಎಂದಳು.

ಫೆಬ್ರವರಿಯ ಹೊತ್ತಿಗೆ ಅವಳ ಓಟ ನಿಧಾನವಾಗಿ ಏಳೂಮುಕ್ಕಾಲು ನಿಮಿಷವಾಯಿತು. ಆಮೇಲೆ ಎಂಟಾಯಿತು. ಒಂದು ದಿನ ಎಂಟು ನಿಮಿಷ ದಾಟಿತು. ಓಟದ ಪರೀಕ್ಷೆಗೆ ಉಳಿದಿದ್ದು ಒಂದು ತಿಂಗಳು. ಪುಸ್ತಕ ತೆರೆದು ನೋಡಿದೆ. ಎಲ್ಲರ ಉತ್ತರವೂ ಚುರುಕು, ಯಾರ ತಲೆಯಲ್ಲೂ ಹೊರೆ ಇಲ್ಲ. ಹೊರೆ ಇಲ್ಲದವಳು ನಿಧಾನವಾಗಿ ಓಡಿದರೆ ಅದು ಉದಾಸೀನ ಎಂದು ನನ್ನ ಶಾಸ್ತ್ರ ಹೇಳಿತು. ಅವಳಿಗೆ ದಿನಕ್ಕೆ ಎರಡು ಸುತ್ತು ಹೆಚ್ಚು ಓಡಿಸಿದೆ. ಅವಳು "ಆಯ್ತು ಮೇಷ್ಟ್ರೇ" ಎಂದಳು.

ಹೀಗೇ ಹೋಗುತ್ತಿದ್ದರೆ ಆ ಹುಡುಗಿಯನ್ನು ನಾನೇ ಓಡಿಸಿ ಓಡಿಸಿ ಕೆಡವುತ್ತಿದ್ದೆ. ಶಿವರಾತ್ರಿ ಬಂದು ಕಾಪಾಡಿತು. ಹಬ್ಬದ ಮರುದಿನವೂ ರಜೆ ಕೊಟ್ಟಿರಲಿಲ್ಲ, ಸಮುದ್ರಕ್ಕೆ ಶಿವರಾತ್ರಿ ಇಲ್ಲ ಎಂದಿದ್ದೆ. ಉಪವಾಸ ಮಾಡಿ, ಜಾಗರಣೆ ಮಾಡಿ ಬಂದ ಎಂಟೂ ಜನ ಮೈದಾನದಲ್ಲಿ ನಿಂತೇ ತೂಕಡಿಸುತ್ತಿದ್ದರು. ನಾನೂ ಅದೇ ಸ್ಥಿತಿಯಲ್ಲಿದ್ದೆ. ಅಭ್ಯಾಸಬಲದಿಂದ ಕೇಳಿದೆ, "ನಿನ್ನೆ ರಾತ್ರಿ ಏನು ಸಾರು?" ಮೊದಲನೆಯವನು "ಹುರುಳಿಕಾಳು" ಎಂದ. ಎರಡನೆಯವಳು "ಸೊಪ್ಪಿನ ಸಾರು" ಎಂದಳು. "ಬದನೆಕಾಯಿ." "ತೊಗರಿಬೇಳೆ." ಐದನೆಯವನು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯ ಮನು, ಗಂಟಲು ದೊಡ್ಡದು. ಎದೆಯುಬ್ಬಿಸಿ ಇಡೀ ಮೈದಾನಕ್ಕೆ ಕೇಳುವಂತೆ, "ಕೋಳಿ ಸಾರು ಮೇಷ್ಟ್ರೇ!" ಎಂದ.

ನನ್ನ ನಿದ್ದೆ ಹಾರಿತು. "ಶಿವರಾತ್ರಿ ದಿನ ಕೋಳಿ ಕುಯ್ದೋನು ಯಾವನ್ಲಾ ಅವನು? ನಿಮ್ಮಪ್ಪನಾ?" ಎಂದೆ.

ಮನುವಿಗೆ ಅಷ್ಟು ಹೊತ್ತಿಗೆ ತಾನು ಹೇಳಿದ್ದು ತನಗೇ ಕೇಳಿಸಿತು. "ಅಯ್ಯೋ, ನಮ್ಮಪ್ಪಂಗೆ ಗೊತ್ತಾದ್ರೆ ನನ್ನೇ ಕುಯ್ತಾನೆ! ಪಟ್ಟೀಲಿ ಅಂಗಿತ್ತು ಮೇಷ್ಟ್ರೇ."

"ಯಾವ ಪಟ್ಟಿ?"

ಎಲ್ಲರ ಕಣ್ಣೂ ಚೈತ್ರಳ ಕಡೆ ತಿರುಗಿತು. ಅವಳು ತಲೆ ತಗ್ಗಿಸಿ, ಹಾಜರಿ ಪುಸ್ತಕದ ಹಿಂದಿನ ಹಾಳೆ ತೆರೆದು ಕೊಟ್ಟಳು. ಗೀಟು ಹಾಕಿ, ಮನೆ ಮನೆ ಮಾಡಿ, ಎಂಟು ಜನಕ್ಕೆ ಆರು ದಿನದ ಸಾರನ್ನು ಹಂಚಿದ್ದಳು. ಒಂದೇ ದಿನ ಇಬ್ಬರಿಗೆ ಒಂದೇ ಸಾರು ಬಾರದಂತೆ, ಒಬ್ಬರಿಗೆ ಒಂದೇ ಸಾರು ಮತ್ತೆ ಮತ್ತೆ ಬಾರದಂತೆ, ಕೋಳಿ ವಾರಕ್ಕೊಮ್ಮೆ, ಅದೂ ತಿನ್ನುವವರ ಮನೆಗೆ ಮಾತ್ರ. ಹಡಗಿನ ಕಾವಲು ಪಾಳಿಯ ಪಟ್ಟಿಯನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಕಂಡಿಲ್ಲ. ವಾರದ ಪಟ್ಟಿ ಮಾಡುವಾಗ ಶಿವರಾತ್ರಿ ಬರುವುದನ್ನು ಒಂದು ಮರೆತಿದ್ದಳು. ಮರೆವು ಅವಳ ಜಾಯಮಾನವಲ್ಲ. ಅಲ್ಲಿಗೆ ನನಗೆ ಅರ್ಥವಾಗಬೇಕಿತ್ತು, ಆದರೆ ಸಿಟ್ಟು ಮುಂದೆ ಬಂತು. "ನನಗೇ ಮೋಸ ಮಾಡ್ತೀರಾ?" ಎಂದೆ.

ಮನು ಒಂದು ಹೆಜ್ಜೆ ಮುಂದೆ ಬಂದ. "ಮೋಸ ಅಲ್ಲ ಮೇಷ್ಟ್ರೇ. ರತ್ನಮ್ಮಾರು ಓದ ಮ್ಯಾಲೆ ಒಂದಿನ ನಾನು 'ಸಾರು ಗ್ಯಾಪ್ಕ ಇಲ್ಲ' ಅಂದೆ. ನೀವು ಏನೂ ಅನ್ನಲಿಲ್ಲ. ಓಗಿ ಆ ಉಣಸೆ ಮರದ ಕೆಳಗೆ ಅರ್ಧ ಗಂಟೆ ಕೂತ್ಬುಟ್ರಿ. ನಾವೆಲ್ಲ ಇಲ್ಲೇ ನಿಂತಿದ್ದೋ. ಆಮೇಲೆ ಚೈತ್ರಕ್ಕ ಅಂದ್ಲು, ಮೇಷ್ಟ್ರಿಗೆ ಇನ್ಮ್ಯಾಲೆ ದಿನಾ ಒಂದೊಂದು ಸಾರು ಏಳ್ಬುಡಾಣ ಕಣ್ರೋ, ಅವರ ತಲೆ ಮ್ಯಾಲೆ ಇನ್ನೂ ಯಾಕೆ ಏರಾದು ಅಂತ."

ನಾನು ಆ ಮಕ್ಕಳ ತಲೆಯ ಹೊರೆ ನಿಭಾಯಿಸುತ್ತಿದ್ದೇನೆ ಎಂದುಕೊಂಡಿದ್ದ ಮೂರು ತಿಂಗಳೂ ಅವರು ನನ್ನದನ್ನು ನಿಭಾಯಿಸುತ್ತಿದ್ದರು. ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ ತಿರುವಿದೆ. ಏಳು ಹೆಸರುಗಳ ಮುಂದೆ ಸಾರು ಬರೆದಿತ್ತು. ಎಂಟನೆಯ ಹೆಸರು ಇರಲಿಲ್ಲ. ಪುಸ್ತಕ ಹಿಡಿದವಳನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಪಟ್ಟಿಯಲ್ಲಿ ತನಗೂ ಸಾರು ಹಂಚಿಕೊಂಡು ತಯಾರಾಗಿ ನಿಂತಿರುತ್ತಿದ್ದಳು, ಸುಳ್ಳು ಹೇಳುವ ಅವಕಾಶವೇ ಅವಳಿಗೆ ಸಿಕ್ಕಿರಲಿಲ್ಲ.

"ಚೈತ್ರ, ನೀನು ಹೇಳಮ್ಮ. ಮೊನ್ನೆ ರಾತ್ರಿ, ಹಬ್ಬದ ಹಿಂದಿನ ದಿನ ಏನು ಸಾರು?"

ಬಹಳ ಹೊತ್ತು ಯೋಚಿಸಿದಳು. ಆಮೇಲೆ, "ಉಂಡ್ನೋ ಇಲ್ವೋ ಅದೇ ಗೊತ್ತಿಲ್ಲ ಮೇಷ್ಟ್ರೇ" ಎಂದಳು. ಮತ್ತೆ ತಾನಾಗಿಯೇ, "ನಾನು ಈ ಸಲ ಪರೀಕ್ಷೆಗೆ ಓಗಲ್ಲ. ಇವರೆಲ್ಲ ಓಗಿ ಬರ್ಲಿ. ನಾನು ಓದ್ರೆ ಇಲ್ಲಿ ಯಾರು ನೋಡ್ಕತಾರೆ?" ಎಂದಳು.

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. 'ನಾನು ಆಸ್ಪತ್ರೆಗೆ ಓದ್ರೆ ಇಲ್ಲಿ ಯಾರು ನೋಡ್ಕತಾರೆ?' ಎಂದು, ಹೊಟ್ಟೆನೋವನ್ನು ಕೊನೆಗೂ ಬಾಯಿಬಿಟ್ಟ ದಿನ ರತ್ನ ಹೇಳಿದಾಗ, 'ನಿಧಾನವಾಗಿ ಹೋದರಾಯಿತು' ಎಂದಿದ್ದೆ. ಈ ಸಲ ಹಾಗೆ ಹೇಳಲಿಲ್ಲ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಲ್ಲೇ ಹೊಸ ಪಾಳಿ ಹಾಕಿದೆ. ಬೆಳಿಗ್ಗೆ ಎಬ್ಬಿಸುವ ಫೋನು ಮನು. ಅವನ ಗಂಟಲಿಗೆ ಫೋನಿನ ಅಗತ್ಯವೂ ಇಲ್ಲ. ಗಣಿತಕ್ಕೆ ಒಬ್ಬರು, ಓಟದ ಸಮಯಕ್ಕೆ ಒಬ್ಬರು. ಹಾಜರಿ ನಾನು. ಅಂಬಲಿಯೂ ನಾನು. ಚೈತ್ರಳಿಗೆ ಓಡುವುದೊಂದೇ ಕೆಲಸ, ಅದೂ ಮೊದಲ ನಾಲ್ಕು ದಿನ ಬೇಡ, ಮನೆಗೆ ಹೋಗಿ ಮಲಗು ಎಂದೆ. "ಅಂಬಲಿ ನೀವಾ?" ಎಂದು ಗಾಬರಿಯಾಗಿ ಕೇಳಿದಳು. ಆ ಗಾಬರಿ ನ್ಯಾಯವಾದದ್ದೇ. ಮೊದಲ ದಿನದ ನನ್ನ ಅಂಬಲಿಯನ್ನು ಮನು ಕುಡಿಯದೆ ಅಗಿದ. "ಗಟ್ಟಿ ಐತೆ ಮೇಷ್ಟ್ರೇ, ಸಾರೊಂದು ಇದ್ದಿದ್ರೆ ಮುದ್ದೆ ಅಂತ ಉಂಡ್ಬುಡ್ತಿದ್ದೆ" ಎಂದ.

ಹತ್ತು ದಿನಕ್ಕೆ ಅವಳ ಓಟ ಏಳೂಮುಕ್ಕಾಲಕ್ಕೆ ಬಂತು, ಮೂರು ವಾರಕ್ಕೆ ಏಳೂಕಾಲಕ್ಕೆ. ಪರೀಕ್ಷೆಗೆ ಎಲ್ಲರೂ ಹೋದರು. ಆಯ್ಕೆಯಾದದ್ದು ಮೂವರು, ಅವರಲ್ಲಿ ಅವಳೊಬ್ಬಳು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳಪ್ಪ ನನ್ನ ಕೈ ಹಿಡಿದುಕೊಂಡು, "ನಿಮ್ಮಿಂದ ಆಯ್ತು ಕಣ್ರೀ" ಎಂದರು. ಈ ಸಲ ನಾನು ಅನುಭವದಿಂದ ಎನ್ನಲಿಲ್ಲ. "ನಮ್ಮನೆಯವಳಿಂದ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು. ಅಂದು ಮನೆಗೆ ಬಂದವನು ಗೋಡೆಯ ಮೇಲಿನ ಪ್ರಶಂಸಾ ಪತ್ರವನ್ನು ತೆಗೆದು ರತ್ನಳ ಫೋಟೋದ ಕೆಳಗೆ ಹೊಡೆದೆ. ಈಗ ಸರಿಯಾದ ವಿಳಾಸಕ್ಕೆ ತಲುಪಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆಷಾಢದ ಒಂದು ಭಾನುವಾರ ಮಧ್ಯಾಹ್ನ ತರಬೇತಿ ಕೇಂದ್ರದಿಂದ ಚೈತ್ರ ಫೋನು ಮಾಡಿದಳು. ಅವರಿಗೂ ನಮೂನೆ ಕೊಡುತ್ತಾರಂತೆ, ಮಾನಸಿಕ ಹೊರೆ ಒಂದರಿಂದ ಹತ್ತರೊಳಗೆ ಎಷ್ಟು ಎಂದು. "ಎಲ್ರೂ ನಾಲ್ಕು ಬರೀತಾರೆ ಮೇಷ್ಟ್ರೇ" ಎಂದು ನಕ್ಕಳು. "ನೀನು?" ಎಂದೆ. "ಎಂಟು ಬರ್ದೆ. ಕರ್ದು ಕೇಳುದ್ರು. ಇರೋದು ಏಳ್ದೆ. ಎರಡು ದಿನ ಪಾಳಿ ಬದ್ಲಾಯ್ಸುದ್ರು. ಈಗ ಆರಾಮಾಗಿದೀನಿ." ನನಗೆ ಎಷ್ಟು ಖುಷಿಯಾಯಿತೆಂದರೆ ಎರಡೆರಡು ಸಲ ಭೇಷ್ ಎಂದೆ. ಆಮೇಲೆ, "ಅದಿರ್ಲಿ, ನೆನ್ನೆ ರಾತ್ರಿ ನೀವು ಏನ್ ಸಾರು ಉಂಡ್ರಿ?" ಎಂದಳು.

ಕಸುಬು ಬಲ್ಲವನು ನಾನು. ತಡವಾದರೆ ಸಿಕ್ಕಿಬೀಳುತ್ತೇನೆ ಎಂದು ಗೊತ್ತಿತ್ತು. ಒಂದು ಕ್ಷಣವೂ ತಡಮಾಡದೆ, "ಹಿತುಕಿದ ಬೇಳೆ ಸಾರು" ಎಂದೆ.

'ಹಿತುಕಿದ ಬೇಳೆ' ಎಂದು ಅವಳು ತಾನೊಮ್ಮೆ ಹೇಳಿಕೊಂಡಳು. ಆಮೇಲೆ ಮೆಲ್ಲಗೆ, "ಆಷಾಢದಾಗೆ ಅಸಿ ಅವರೆಕಾಯಿ ಯಾವ ಊರಲ್ಲಿ ಸಿಕ್ತು ಮೇಷ್ಟ್ರೇ?" ಎಂದಳು.

ಉಂಡದ್ದು ಒಂದು ಬನ್ನು, ಒಂದು ಲೋಟ ಟೀ. ಅದನ್ನೂ ಯೋಚಿಸಿ ನೆನಪು ಮಾಡಿಕೊಳ್ಳಬೇಕಾಯಿತು. ಹೇಳಿದೆ. "ಎದ್ದು ಒಲೆ ಅಚ್ಚಿ. ನಾಳೆ ಮನುಗೆ ಏಳ್ತೀನಿ, ಬಂದು ಕೇಳ್ತಾನೆ" ಎಂದು ನನ್ನ ವಿದ್ಯಾರ್ಥಿನಿ ನನಗೆ ಆಜ್ಞೆ ಕೊಟ್ಟಳು. "ಆಯ್ತಮ್ಮ" ಎಂದೆ. ಸಂಜೆ ತೊಗರಿಬೇಳೆ ಬೇಯಿಸಿ, ಎರಡು ಟೊಮೆಟೊ ಹೆಚ್ಚಿ ಹಾಕಿ ಸಾರು ಮಾಡಿದೆ. ಬೆಳಿಗ್ಗೆ ಮೈದಾನದಲ್ಲಿ ಪುಸ್ತಕ ತೆರೆದು, ಎಲ್ಲರ ಹೆಸರಿಗಿಂತ ಮೇಲೆ ನನ್ನ ಹೆಸರು ಬರೆದೆ. ಮುಂದಿನ ಸಲದ ಭರ್ತಿಗೆ ತಯಾರಾಗುತ್ತಿರುವ ಮನು ಎದುರಿಗೆ ಬಂದು, ಕೈ ಹಿಂದೆ ಕಟ್ಟಿ, ಥೇಟ್ ನನ್ನಂತೆಯೇ ಗಂಟಲು ಸರಿಮಾಡಿಕೊಂಡು ಕೇಳಿದ. ನಾನು ಯೋಚಿಸಲೇ ಬೇಕಾಗಲಿಲ್ಲ. "ಬೇಳೆ ಸಾರು, ಉಪ್ಪು ಎರಡು ಸಲ ಬಿದ್ದಿತ್ತು" ಎಂದೆ.

ಮನು ನಗಲಿಲ್ಲ. ಪುಸ್ತಕ ಈಸಿಕೊಂಡು, ತಲೆ ತುಂಬಿದವರನ್ನು ನಾನು ಕರೆಯುತ್ತಿದ್ದ ಹಾಗೆಯೇ ನನ್ನನ್ನು ಬದಿಗೆ ಕರೆದ.